ಸಿಡಿಮದ್ದು ಹೊಕ್ಕ ಶಾಲೆ

ನೆಹರು ಗಂಜಿನಿಂದ ಕಮಲಾಪುರ, ಹುಮನಾಬಾದುಗಳ ದಾರಿಯಾಗಿ ಬೀದರಿಗೆ ಹೋಗುವ ನಮ್ಮವರಲ್ಲಿ ಅನೇಕರು ಕೋಟೆಯನ್ನು ಕಂಡು ತೃಪ್ತರಾಗಿ ಮರಳುತ್ತಾರೆ. ಊರೊಳಗಿನ ಮಹಮೂದ್ ಗವಾನನ ಮದರಸದ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಪರ್ಷಿಯಾದ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ ಗವಾನನು ೧೪೭೨ರಲ್ಲಿ ಈ ವಿದ್ಯಾಲಯವನ್ನು ಕಟ್ಟಿಸಿದನು. ಮೂರು ಅಂತಸ್ತು, ನಡುವೆ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಕೊಠಡಿಗಳು, ಉಪನ್ಯಾಸದ ಸಭಾಂಗಣ, ಪ್ರಾರ್ಥನಾಮಂದಿರ, ಗ್ರಂಥಾಲಯ. ಮುಂಭಾಗದ ಗೋಡೆಗೆ ನೀಲಿ, ಬಿಳಿ ಬಣ್ಣಗಳ ಮೆರುಗಿನ ಬಿಲ್ಲೆಗಳು. ಗ್ರಂಥಾಲಯದಲ್ಲಿ ೩,೦೦೦ ಹೊತ್ತಗೆಗಳಿದ್ದುವೆಂದು ಪ್ರತೀತಿ.

೧೪೮೧ರಲ್ಲಿ ಕೃತ್ರಿಮ ಪತ್ರವೊಂದನ್ನು ನಂಬಿದ ಸುಲ್ತಾನನು ಗವಾನನನ್ನು ಕೊಲ್ಲಿಸಿದನು. ಕಟ್ಟಿಸಿದವನು ಹೋದರೂ ಶಾಲೆ ನಿಂತಿತು. ಮೊಗಲರು ೧೬೫೭ರಲ್ಲಿ ಬೀದರನ್ನು ಗೆದ್ದ ಬಳಿಕ ಅದು ಸೈನಿಕರ ಬಿಡಾರವಾಯಿತು. ಹುಡುಗರು ಓದುತ್ತಿದ್ದ ಕೋಣೆಗಳನ್ನು ಸಿಡಿಮದ್ದು ಹೊಕ್ಕಿತು. ೧೬೯೬ರಲ್ಲಿ ಸಿಡಿಲೆರಗಿ, ಮುಂಭಾಗದ ದಕ್ಷಿಣ ಪಾರ್ಶ್ವವೂ ಜೋಡಿ ಮಿನಾರುಗಳಲ್ಲಿ ಒಂದೂ ನೆಲಕಚ್ಚಿದುವು.

ಉಳಿದ ಮಿನಾರಿನ ಬಣ್ಣವನ್ನು ನೋಡಿದವರೆಲ್ಲ ಕೊಂಡಾಡುತ್ತಾರೆ. ಇಲ್ಲದ ಪಾರ್ಶ್ವವನ್ನು ಯಾರೂ ವಿಚಾರಿಸುವುದಿಲ್ಲ. ಪಾಠದ ಕೊಠಡಿ ಉಗ್ರಾಣವಾಗುವುದು ನಮ್ಮ ಕಾಲದಲ್ಲೂ ಉಂಟಷ್ಟೆ! ಅಂಥ ಕೊಠಡಿಗೆ ಬೀಗ ಹಾಕುವವರು ಒಮ್ಮೆ ಬೀದರಿಗೆ ಹೋಗಿ, ಆ ಬಯಲಾದ ಜಾಗವನ್ನು ನೋಡಿ ಬರುವುದು ಲೇಸು.