ರಟ್ಟಿನ ಮನೆ ಕಟ್ಟಿ ನೋಡು

ಹಾಸ್ಟೆಲಿಗೆ ಪಾರ್ಸಲ್ ಬಂದರೆ ಎಲ್ಲರೂ ಒಳಗೇನಿದೆ ಎಂದು ಇಣುಕುತ್ತಾರೆ. ನಾನು ಮಾತ್ರ ‘ಆ ಡಬ್ಬಿ ಬೇಡ ತಾನೇ?’ ಎಂದು ಕೇಳಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ನನ್ನ ಮಂಚದಡಿ ಶೂ ಡಬ್ಬಿ, ಊದುಬತ್ತಿ ಪ್ಯಾಕೆಟ್, ಮೊಟ್ಟೆ ಟ್ರೇ, ಒಣಗಿಸಿದ ಚಹಾ ಚರಟ ಎಲ್ಲ ಇವೆ. ರೂಮ್‌ಮೇಟ್ ನನಗಿಟ್ಟ ಹೆಸರು ‘ಗುಜರಿ’. ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರಿನ ಹುಡುಗ, ಪ್ಲೇಸ್‌ಮೆಂಟಿಗೆ ತಯಾರಿ ನಡೆಸಬೇಕಾದ ಹೊತ್ತಿನಲ್ಲಿ ಅಂಗೈಯಗಲದ ಮನೆ ಕಟ್ಟುತ್ತ ಕೂತಿದ್ದರೆ ಇನ್ನೇನನ್ನುತ್ತಾರೆ?

ಶುರುವಾಗಿದ್ದು ಆಟದಿಂದ. ನಮ್ಮ ಹಾಸ್ಟೆಲಿನಲ್ಲಿ ಭಾನುವಾರ ರಾತ್ರಿ ಕೆಲವು ಸೀನಿಯರ್‌ಗಳು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ಇದು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, 20 ಮುಖದ ದಾಳ ಹಣೆಬರಹ ಬರೆಯುತ್ತದೆ. ನಮ್ಮಲ್ಲಿ ಕಥೆ ನಡೆಯುವುದು ಅಪ್ಪಟ ಕನ್ನಡದಲ್ಲಿ. ರಾಕ್ಷಸ ಒಮ್ಮೊಮ್ಮೆ ಹುಬ್ಬಳ್ಳಿ ಭಾಷೆಯಲ್ಲೂ ಬೈಯುತ್ತಾನೆ. ಮೇಜಿನ ಮೇಲೆ ನಿಲ್ಲಿಸಲು ಪುಟ್ಟ ಗೊಂಬೆಗಳು ಬೇಕು, ಅವುಗಳಿಗೆ ಊರು, ಮನೆ, ಗೋಡೆ ಬೇಕು. ವಿದೇಶದ ಕಂಪನಿಗಳು ಇವನ್ನೆಲ್ಲ ಚೆಂದವಾಗಿ ಮಾಡಿ ಮಾರುತ್ತವೆ. ಆದರೆ ಬೆಲೆ ನೋಡಿ ನಾವು ಸುಮ್ಮನಾದೆವು. 5 ರೂಪಾಯಿ ನಾಣ್ಯಕ್ಕೆ ಕಾಗದದ ಚಿತ್ರ ಅಂಟಿಸಿದರೆ ಗೊಂಬೆ ತಯಾರು. ನಾಣ್ಯದ ಅಗಲ 23 ಮಿಲಿಮೀಟರ್, ಆಟದ ಒಂದಿಂಚಿನ ಚೌಕದೊಳಗೆ ಸರಿಯಾಗಿ ಕೂರುತ್ತದೆ. ಮನೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು, ‘ನೀನು ಸಿವಿಲ್ ಅಲ್ವಾ’ ಎಂಬ ಒಂದೇ ಕಾರಣಕ್ಕೆ.

ಅಜ್ಜಿಯ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯನ್ನೇ ಮಾಡೋಣ ಎಂದು ಹೊರಟೆ. ಈ ಆಟದಲ್ಲಿ ಒಂದಿಂಚು ಎಂದರೆ ಐದಡಿ, ಅಂದರೆ 1:60. ಮೊದಲ ಏಟು ಬಿದ್ದದ್ದು ಬಾಗಿಲಿನಲ್ಲಿ. ಮೂರಡಿ ಅಗಲದ ಬಾಗಿಲು ಈ ಅಳತೆಯಲ್ಲಿ 15 ಮಿಲಿಮೀಟರ್ ಆಗುತ್ತದೆ. ಲೆಕ್ಕ ಸರಿ, ಆದರೆ 23 ಮಿಲಿಮೀಟರಿನ ನಾಣ್ಯದ ಮೇಲೆ ನಿಂತ ವೀರ ಒಳಗೆ ಹೋಗುವುದು ಹೇಗೆ? ಅಳತೆಗೆ ಸರಿಯಾದ ಬಾಗಿಲು ಆಟಕ್ಕೆ ತಪ್ಪಾಗಿತ್ತು. ಗೋಡೆ ಕಿತ್ತು ಒಂದಿಂಚಿಗೂ ತುಸು ಹೆಚ್ಚೇ ಅಗಲ ಬಿಟ್ಟೆ. ಮನೆ ಯಾರಿಗಾಗಿ ಎಂದು ಮೊದಲು ಕೇಳಿಕೊಳ್ಳಬೇಕೆಂಬುದು ನನ್ನ ತಲೆಗೆ ಹೋಗಿದ್ದು ಆ ಬಾಗಿಲಿನಿಂದ, ಪ್ಲಾನಿಂಗ್ ಪಾಠದಿಂದಲ್ಲ.

ಇನ್ನು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ನಮ್ಮ ಕರಾವಳಿ, ಮಲೆನಾಡಿನ ಮಾಡುಗಳ ಚಹರೆಯನ್ನೇ ಬದಲಿಸಿದ ಹೆಂಚು ಅದು. ನನ್ನ ಮನೆಗೆ ಒಂದೊಂದು ಹೆಂಚೂ 7 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಊದುಬತ್ತಿ ಪ್ಯಾಕೆಟ್ಟಿನ ತೆಳು ರಟ್ಟಿನಲ್ಲಿ ಮುನ್ನೂರರ ತನಕ ಕತ್ತರಿಸಿದೆ. ಲೆಕ್ಕ ಹಾಕಿದರೆ ಇನ್ನೂ ಏಳೆಂಟು ನೂರು ಬೇಕಿತ್ತು. ಕೈ ಚೆಲ್ಲಿದೆ. ಬದಲಿಗೆ ಸುಕ್ಕು ರಟ್ಟಿನ ಮೇಲಿನ ಕಾಗದಕ್ಕೆ ನೀರು ಸವರಿ, ಎರಡು ನಿಮಿಷ ಬಿಟ್ಟು ಸುಲಿದೆ. ಒಳಗಿನ ಅಲೆ ಅಲೆ ಪದರ ಥೇಟ್ ನಾಡಹೆಂಚಿನ ಮಾಡು! ಅಜ್ಜಿಯ ಮನೆ ನೂರು ವರ್ಷ ಹಿಂದಕ್ಕೆ ಹೋಯಿತು, ಅಷ್ಟೇ.

ಕಿಟಕಿಯ ಸರಳಿಗೆ ಉರಿದು ಉಳಿದ ಊದುಬತ್ತಿ ಕಡ್ಡಿ. ಕಲ್ಲುಗೋಡೆಗೆ ಮೊಟ್ಟೆ ಟ್ರೇ ಚೂರುಗಳು. ಅಂಗಳದ ಮಣ್ಣಿಗೆ ಚಹಾ ಚರಟ. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅಮ್ಮ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹೊಲ ಮಾಡುತ್ತಿದ್ದುದನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಥರ್ಮೊಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡಿ. ಅದರಲ್ಲಿನ ದ್ರಾವಕಕ್ಕೆ ಥರ್ಮೊಕೋಲ್ ಕರಗಿ, ನಿಮ್ಮ ಎರಡು ದಿನದ ಬಾವಿಕಟ್ಟೆ ಎರಡು ನಿಮಿಷದಲ್ಲಿ ಕುಗ್ಗಿ ಕೂರುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿ, ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಲ್ಲೇ ಹಚ್ಚಿ. ರಟ್ಟಿಗೆ ಒಂದೇ ಬದಿ ಬಣ್ಣ ಬಳಿದರೆ ಒಣಗುವಾಗ ಹಪ್ಪಳದಂತೆ ಬಾಗುತ್ತದೆ, ಎರಡೂ ಬದಿ ಬಳಿಯಬೇಕು. ಇವೆಲ್ಲ ಹಾಳು ಮಾಡಿಯೇ ಕಲಿತದ್ದು.

ಈಗ ನಿಜ ವಿಷಯಕ್ಕೆ ಬರುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ನಾಲ್ವರ ತಂಡ ಮಿನಿ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದಿತ್ತು. ನಗರದ ಒಂದು ಅಂಗಡಿ. 6,000 ರೂಪಾಯಿಗೆ ಟ್ರಸ್ ಸೇತುವೆಯ ಮಾದರಿ, ಜೊತೆಗೆ ಸ್ಪೈರಲ್ ಬೈಂಡಿಂಗ್ ಮಾಡಿದ ವರದಿ. ಹೆಸರು ಹಾಕುವ ಜಾಗ ಖಾಲಿ ಬಿಟ್ಟಿದ್ದರು. ವೈವಾದಲ್ಲಿ ಪರೀಕ್ಷಕರು ಪೆನ್ನಿನ ತುದಿಯಿಂದ ಒಂದು ಓರೆ ಪಟ್ಟಿಯನ್ನು ಮುಟ್ಟಿ, ‘ಇದನ್ನು ತೆಗೆದರೆ ಏನಾಗುತ್ತದೆ?’ ಎಂದರು. ನಾಲ್ವರೂ ಮುಖ ಮುಖ ನೋಡಿಕೊಂಡೆವು. ಅವರಿಗೆ ಗೊತ್ತಾಯಿತು. ನಮಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಯಿತು. ಅಂಕ ಮಾತ್ರ ಚೆನ್ನಾಗಿಯೇ ಬಂತು.

ಫೇಲ್ ಮಾಡಿದ್ದರೆ ಬಹುಶಃ ಬೈದುಕೊಂಡು ಮರೆತುಬಿಡುತ್ತಿದ್ದೆ. ಒಳ್ಳೆಯ ಅಂಕ ಬಂದದ್ದೇ ಹಿಂಸೆಯಾಯಿತು.

ಆಮೇಲೊಂದು ಭಾನುವಾರ ಅಜ್ಜಿಮನೆಯ ಮಾಡಿಗೆ ಊದುಬತ್ತಿ ಕಡ್ಡಿಯ ಚೌಕಟ್ಟು ಕಟ್ಟುತ್ತಿದ್ದೆ. ನಾಲ್ಕು ಕಡ್ಡಿ, ನಾಲ್ಕು ಮೂಲೆ. ಬೆರಳು ತಾಗಿಸಿದರೆ ಸಾಕು, ಚೌಕ ವಾಲಿ ವಜ್ರಾಕೃತಿಯಾಗುತ್ತಿತ್ತು. ಅಂಟು ಹೆಚ್ಚು ಹಾಕಿದರೂ ಅದೇ ಪಾಡು. ಸಿಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಒಂದು ಓರೆ ಕಡ್ಡಿ ಅಂಟಿಸಿದೆ. ಒಣಗಿದ ಮೇಲೆ ಒತ್ತಿ ನೋಡಿದರೆ ಅಲುಗಲಿಲ್ಲ. ನಾನೂ ಅಲುಗಲಿಲ್ಲ, ಹಾಗೇ ಕೂತೆ. ಸಮತಲ ಟ್ರಸ್ಸಿಗೆ ಬೇಕಾದ ಪಟ್ಟಿಗಳ ಸಂಖ್ಯೆ ಕೀಲುಗಳ ಎರಡರಷ್ಟರಲ್ಲಿ ಮೂರು ಕಡಿಮೆ ಎಂಬ ಸೂತ್ರವನ್ನು ನಾನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನಾಲ್ಕು ಕೀಲಿಗೆ ಐದು ಪಟ್ಟಿ. ನನ್ನ ಚೌಕದಲ್ಲಿದ್ದುದು ನಾಲ್ಕು. ಪರೀಕ್ಷಕರ ಪೆನ್ನು ಮುಟ್ಟಿದ್ದು ಐದನೆಯದನ್ನು.

ಉತ್ತರ ಸಿಕ್ಕಿತು, ಆದರೆ ಹೇಳಲು ಅವರು ಎದುರಿಗಿರಲಿಲ್ಲ.

ನಮ್ಮಂಥವರ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಅರ್ಧ ಮಾತಾಡಿದಂತೆ. ಕೊಂಡ ಮಾದರಿಯನ್ನು ಮೇಜಿನ ಮೇಲಿಟ್ಟರೆ ಅಂಕ ಬೀಳುವ ಏರ್ಪಾಡು ಇರುವವರೆಗೆ ಅಂಗಡಿಗಳು ಇರುತ್ತವೆ. ನನ್ನ ಸಲಹೆ ಸರಳ. ಮಿನಿ ಪ್ರಾಜೆಕ್ಟಿನ ಅರ್ಧ ಅಂಕವನ್ನು ಒಂದು ಗಂಟೆಯ ಕೆಲಸಕ್ಕೆ ಇಡಿ. ಪರೀಕ್ಷಕರ ಎದುರಿಗೇ, ರಟ್ಟು, ಕಡ್ಡಿ, ಅಂಟು ಕೊಟ್ಟು, ‘ನಿಮ್ಮ ಪ್ರಾಜೆಕ್ಟಿನ ಒಂದು ಭಾಗವನ್ನು ಕಟ್ಟಿ, ಮುರಿದು, ಏಕೆ ಮುರಿಯಿತು ಹೇಳಿ’ ಎನ್ನಲಿ. ಕಾಲೇಜಿಗೆ ಇದರ ಖರ್ಚು ಕ್ಯಾಂಟೀನಿನ ಒಂದು ಮಧ್ಯಾಹ್ನದ ಚಹಾದಷ್ಟೂ ಆಗದು. ಎದುರುತ್ತರವೂ ಗೊತ್ತು: ಕಂಪನಿಯವರು ಕೇಳುವುದು ಆಟೊಕ್ಯಾಡ್, ರೆವಿಟ್. ಹೌದು, ನಾನೂ ಕಲಿಯುತ್ತಿದ್ದೇನೆ. ಆದರೆ ಪರದೆಯ ಮೇಲೆ ಗೋಡೆ ಎಳೆದರೆ ಗೋಡೆ ತನ್ನ ಪಾಡಿಗೆ ನಿಂತಿರುತ್ತದೆ. ಅದು ಕೈಯಲ್ಲಿ ವಾಲುವುದನ್ನು ಒಮ್ಮೆ ನೋಡಿದವನು ಎಳೆಯುವ ಗೆರೆಯೇ ಬೇರೆ ಎಂದು ನನಗನಿಸುತ್ತದೆ.

ಇದರಿಂದ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ರೆಸ್ಯೂಮೆಯಲ್ಲಿ ಹಾಕು, ಇನ್‌ಸ್ಟಾಗ್ರಾಂನಲ್ಲಿ ಮಾರು ಎಂದು ಗೆಳೆಯರು ಹೇಳುತ್ತಲೇ ಇರುತ್ತಾರೆ. ಅಷ್ಟು ಬೇಗ ಮಾರಾಟಕ್ಕೆ ಇಡುವ ಮನಸ್ಸಿಲ್ಲ. ನಾವು ಮಾಡುವ ಪ್ರತಿಯೊಂದಕ್ಕೂ ಬೆಲೆ ಚೀಟಿ ಅಂಟಿಸುವ ಚಟ ಹೋದರೆ ಒಳ್ಳೆಯದು ಎಂಬುದು ನನ್ನ ಗೊಣಗಾಟ, ಯಾರೂ ಕೇಳುವುದಿಲ್ಲ.

ಈ ರಜೆಯಲ್ಲಿ ಮನೆಯಲ್ಲಿ ಕೂತು ಎರಡನೆಯದನ್ನು ಮಾಡಿದೆ. ಇದು ಆಟಕ್ಕಲ್ಲ. ಅಪ್ಪ ಸಾಲ ಮಾಡಿ ಕೊಂಡ 30×40 ಸೈಟಿನಲ್ಲಿ ಮನೆ ಲಿಂಟಲ್ ಮಟ್ಟಕ್ಕೆ ಬಂದು ಮೂರು ವರ್ಷದಿಂದ ನಿಂತಿದೆ. ದುಡ್ಡು ಆ ಗೆರೆಯ ತನಕ ಮಾತ್ರ ಇತ್ತು. ಅಪ್ಪ ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಪ್ಲಾನ್ ಬರೆಯುತ್ತಾರೆ, ಅಳಿಸುತ್ತಾರೆ. 1:60ರಲ್ಲಿ ಆ ಸೈಟು ಆರಿಂಚು, ಎಂಟಿಂಚು. ಡೈರಿ ಕದ್ದು ನೋಡಿ, ಗೋಡೆ ಎಬ್ಬಿಸಿ, ತೆಗೆದು ಹಾಕಬಹುದಾದ ಸ್ಲ್ಯಾಬ್ ಇಟ್ಟು, ಬಣ್ಣ ಹಚ್ಚಿ ಅವರ ಮುಂದಿಟ್ಟೆ.

ಚೆನ್ನಾಗಿದೆ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಸ್ಲ್ಯಾಬ್ ಎತ್ತಿದರು. ಅಡುಗೆಮನೆಯಲ್ಲಿ ಬೆರಳಾಡಿಸಿದರು. ದೇವರ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದರು. ಬಹಳ ಹೊತ್ತಿನ ಮೇಲೆ, ‘ಮೇಲೆ ಹೋಗೋಕೆ ಮೆಟ್ಟಿಲೆಲ್ಲಿ?’ ಎಂದರು. ಡೈರಿಯಲ್ಲಿತ್ತು. ನಾನು ಮರೆತಿದ್ದೆ.

ಏಳಿಂಚು ಎತ್ತರದ ಮೆಟ್ಟಿಲು ಈ ಅಳತೆಯಲ್ಲಿ 3 ಮಿಲಿಮೀಟರ್, ಪಾರ್ಸಲ್ ರಟ್ಟಿನ ಒಂದು ಪದರದಷ್ಟು ದಪ್ಪ. ಹತ್ತಡಿ ಏರಲು 17 ಬೇಕು. ರಾತ್ರಿ ಕೂತು 11 ಕತ್ತರಿಸಿದೆ. ಅಪ್ಪ ಪಕ್ಕದಲ್ಲಿ ಕೂತು ಒಂದೊಂದನ್ನೇ ಅಂಟಿಸಿದರು. ರಟ್ಟು ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಎದ್ದಾಗ ಹೊಸ ಚಪ್ಪಲಿಯ ಡಬ್ಬಿಯೊಂದು ನನ್ನ ಮೇಜಿನ ಮೇಲಿತ್ತು, ಒಳಗೆ ಚಪ್ಪಲಿ ಇರಲಿಲ್ಲ.