ಒಟ್ಟಿಗಿದ್ದ ಊರಿನ ಗಟ್ಟಿ ಗುಂಡಿಗೆ

ಅಮೆರಿಕದ ಪೆನ್ಸಿಲ್ವೇನಿಯಾದ ರೊಸೆಟೊ, ಇಟಲಿಯಿಂದ ವಲಸೆ ಬಂದವರು ಕಟ್ಟಿಕೊಂಡ ಪುಟ್ಟ ಊರು. ಗಂಡಸರು ಸ್ಲೇಟು ಕಲ್ಲಿನ ಗಣಿಗಳಲ್ಲಿ ದುಡಿಯುತ್ತಿದ್ದರು, ಧೂಮಪಾನ ಮಾಡುತ್ತಿದ್ದರು, ಹಂದಿಕೊಬ್ಬಿನ ಅಡುಗೆ ಉಣ್ಣುತ್ತಿದ್ದರು. ಆದರೂ 1960ರ ದಶಕದಲ್ಲಿ ವೈದ್ಯ ಸ್ಟೂವರ್ಟ್ ವುಲ್ಫ್ ಮತ್ತು ಸಂಗಡಿಗರು ನೋಡಿದಾಗ, ಅಲ್ಲಿ ಹೃದಯಾಘಾತದ ಸಾವು ನೆರೆಯೂರಿಗಿಂತ ತೀರಾ ಕಡಿಮೆಯಿತ್ತು. ಒಂದೇ ಸೂರಿನಡಿ ಮೂರು ತಲೆಮಾರು, ಬೀದಿಯಲ್ಲಿ ಮಾತುಕತೆ, ಕಷ್ಟಕ್ಕೆ ಓಡಿಬರುವ ಜನ: ಸಂಶೋಧಕರು ಗುರುತಿಸಿದ ಕಾರಣ ಇದು. ಆ ಬಾಳ್ವೆ ಸಡಿಲಗೊಂಡಂತೆ ಸಾವುಗಳೂ ಹೆಚ್ಚಿದವು.

ಒಂದೂರಿನ ಕಥೆ ಎಲ್ಲಕ್ಕೂ ಪುರಾವೆಯಲ್ಲ, ನಿಜ. ಆದರೆ ಇಂಥ ಒಡನಾಟ ಮನಸ್ಸಿನ ಒತ್ತಡವನ್ನು ತಗ್ಗಿಸಬಲ್ಲದು; ಬಿಡುವಿಲ್ಲದ ಒತ್ತಡವೋ ರಕ್ತದೊತ್ತಡ ಏರಿಸಿ ಹೃದಯ, ಮಿದುಳು ಎರಡನ್ನೂ ಸವೆಸಬಹುದು. ಹಾಗಾಗಿ ಹೊಸ ಬಡಾವಣೆಗಳ ನಕ್ಷೆಗೆ ಒಪ್ಪಿಗೆ ಕೊಡುವವರು ನಾಲ್ಕು ಜನ ಕೂತು ಮಾತಾಡುವ ಕಟ್ಟೆಗೂ ಜಾಗ ಬಿಡಿಸಲಿ.