ಪರದೆಯ ಪಾಠಕ್ಕೆ ಕಾಸರಗೋಡಿನ ಕ್ಯಾಲೆಂಡರ್

ಆರಂಭ, ಮುಕ್ತಾಯ, ವೆಚ್ಚ ಮೂರಕ್ಕೂ ಮಿತಿಯಿರುವ ಕೆಲಸವನ್ನು ಹೇಳಿದ ಗುಣಮಟ್ಟದಲ್ಲಿ ಮುಗಿಸಿಕೊಡುವ ವಿದ್ಯೆಯೇ ಯೋಜನಾ ನಿರ್ವಹಣೆ. ಕೆಳಹಂತದಲ್ಲಿ ಇದು ಗ್ಯಾಂಟ್ ಚಾರ್ಟ್ ಬರೆಯುವ, ಸಾಫ್ಟ್‌ವೇರ್ ಬಳಸುವ ಕೌಶಲ. ಸ್ನಾತಕೋತ್ತರ ಹಂತದಲ್ಲಿ ಪ್ರಶ್ನೆಗಳೇ ಬೇರೆ: ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ, ನಷ್ಟದ ಹೊಣೆ ಗುತ್ತಿಗೆದಾರನದ್ದೋ ಸರ್ಕಾರದ್ದೋ, ಅರ್ಧಕ್ಕೆ ಬಂದ ಕಾಮಗಾರಿಗೆ ಇನ್ನಷ್ಟು ಹಣ ಹಾಕಬೇಕೋ ಕೈಬಿಡಬೇಕೋ. ಈ ಶಾಸ್ತ್ರದ ಮುಖ್ಯ ಸಾಧನಗಳು ಹುಟ್ಟಿದ್ದು ಅಮೆರಿಕದಲ್ಲಿ. 1957ರಲ್ಲಿ ಡ್ಯೂಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳಿಗಾಗಿ, ತಡವಾದರೆ ಇಡೀ ಯೋಜನೆಯನ್ನೇ ತಡಮಾಡುವ ಕೆಲಸಗಳ ಸರಣಿಯನ್ನು ಗುರುತಿಸುವ ಕ್ರಿಟಿಕಲ್ ಪಾತ್ ವಿಧಾನ ರೂಪುಗೊಂಡಿತು. ಮರುವರ್ಷ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ವೇಳಾಪಟ್ಟಿ ವಿಧಾನ ಬಂತು. ಇಂದು ಕಾಸರಗೋಡಿನ ವಿದ್ಯಾರ್ಥಿ ಆನ್‌ಲೈನ್ ಎಂಬಿಎಯಲ್ಲಿ ಓದುವುದೂ ಬಹುಪಾಲು ಇವನ್ನೇ.

ಆನ್‌ಲೈನ್ ಕಲಿಕೆ ಇಲ್ಲಿಗೆ ಹೊಂದುವುದಕ್ಕೆ ಕಾರಣಗಳು ಸ್ಪಷ್ಟ. ಜಿಲ್ಲೆಯಲ್ಲಿ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಪೊವ್ವಲ್‌ನಲ್ಲಿ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿದೆ. ಆದರೆ ಓದು, ಉದ್ಯೋಗ ಎರಡಕ್ಕೂ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಯುವಜನರು ನೋಡುವುದು ಮಂಗಳೂರಿನ ಕಡೆಗೆ ಇಲ್ಲವೇ ಕೊಲ್ಲಿ ರಾಷ್ಟ್ರಗಳ ಕಡೆಗೆ. ದುಬೈಯ ಸೈಟಿನಲ್ಲಿ ಸೂಪರ್‌ವೈಸರ್ ಆಗಿರುವವನಿಗೆ, ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಸಂಜೆ ಮರಳುವವಳಿಗೆ ಎರಡು ವರ್ಷ ಕೆಲಸ ಬಿಟ್ಟು ತರಗತಿಯಲ್ಲಿ ಕೂರಲಾಗದು. ಅನುಭವ ಮೊದಲು, ಪಾಠ ಆಮೇಲೆ ಎಂಬ ಕ್ರಮ ಈ ವಿಷಯಕ್ಕೆ ಒಳ್ಳೆಯದೇ. ಸೈಟಿನಲ್ಲಿ ನಾಲ್ಕು ವರ್ಷ ಬೆವರು ಹರಿಸಿದವರಿಗೆ ರಿಸ್ಕ್ ಕುರಿತ ಅಧ್ಯಾಯ ಬಾಯಿಪಾಠವಾಗಿ ಉಳಿಯುವುದಿಲ್ಲ.

ತೊಡಕಿರುವುದು ಪಾಠದ ಉದಾಹರಣೆಗಳಲ್ಲಿ. ಪಠ್ಯಪುಸ್ತಕದ ಲೆಕ್ಕದಲ್ಲಿ ವರ್ಷದ ಎಲ್ಲ ದಿನಗಳೂ ಒಂದೇ ತೂಕದವು. ಮೂರು ವಾರ ತಡವಾದರೆ ಮೂರೇ ವಾರದ ನಷ್ಟ. ಕಾಸರಗೋಡಿನಲ್ಲಿ ಹಾಗಲ್ಲ. ಪಂಚಾಯತೊಂದು ಶಾಲೆಗೆ ಎರಡು ಕೊಠಡಿ ಕಟ್ಟಿಸುತ್ತದೆ ಎನ್ನೋಣ. ಪಂಚಾಂಗಕ್ಕೆ 30 ದಿನ, ಮುರಕಲ್ಲಿನ ಗೋಡೆಗೆ 45, ತಾರಸಿಗೆ 30. ಫೆಬ್ರುವರಿ 15ಕ್ಕೆ ಗುದ್ದಲಿ ಬಿದ್ದರೆ ಮೇ ಕೊನೆಗೆ, ಮಳೆಗಾಲ ಕಾಲಿಡುವ ಹೊತ್ತಿಗೆ, ತಾರಸಿ ಮುಗಿಯುತ್ತದೆ. ಟೆಂಡರ್ ಮೂರು ವಾರ ತಡವಾಯಿತೆಂದರೆ ಸೆಂಟ್ರಿಂಗ್ ಹಲಗೆ ಜೂನ್ ಮಳೆಯಲ್ಲಿ ನೆನೆಯುತ್ತದೆ, ಕಲ್ಲಿನ ಕೋರೆಯಲ್ಲಿ ನೀರು ನಿಲ್ಲುತ್ತದೆ, ಗುಡ್ಡದ ಮಣ್ಣುರಸ್ತೆಯಲ್ಲಿ ಲಾರಿ ಹತ್ತುವುದಿಲ್ಲ. ತಾರಸಿ ಏರುವುದು ಅಕ್ಟೋಬರಿನಲ್ಲಿ. ಮೂರು ವಾರದ ವಿಳಂಬ ನಾಲ್ಕು ತಿಂಗಳಾಗುತ್ತದೆ. ಸಕಾಲದಲ್ಲಿ ಆರಂಭವಾದರೂ ತಡವಾದರೂ ಮಾರ್ಚ್ 31 ದಾಟುವುದರಿಂದ ಕಾಮಗಾರಿ ಸ್ಪಿಲ್‌ಓವರ್ ಪಟ್ಟಿಗೆ ಸೇರಿ, ಮುಂದಿನ ವರ್ಷದ ಅನುದಾನದಲ್ಲಿ ಪಾಲು ಕೇಳುತ್ತದೆ. ಅಂದರೆ ಇಲ್ಲಿ ಕ್ರಿಟಿಕಲ್ ಪಾತ್ ಕಾಂಕ್ರೀಟಿನಲ್ಲಿ ಇಲ್ಲ, ಡಿಸೆಂಬರ್ ತಿಂಗಳ ಟೆಂಡರ್ ಫೈಲಿನಲ್ಲಿದೆ. ಇದನ್ನು ಕಂಡುಹಿಡಿಯಬಲ್ಲವರೇ ಸ್ನಾತಕೋತ್ತರ ಪದವೀಧರರು ಎನಿಸಿಕೊಳ್ಳಲು ಅರ್ಹರು.

ದೊಡ್ಡ ಯೋಜನೆಗಳಿಗೂ ಜಿಲ್ಲೆಯಲ್ಲಿ ಬರವಿಲ್ಲ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಸಿಗುವ ಭರವಸೆ ಅದರಲ್ಲಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಪ್ರಾಣಬಿಟ್ಟಾಗ ಉಕ್ಕಿನಡ್ಕದಲ್ಲಿ ಇದ್ದದ್ದು ಅಕಾಡೆಮಿಕ್ ಬ್ಲಾಕ್ ಮಾತ್ರ. ಅದನ್ನೇ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಲಾಯಿತು. ಎಂಬಿಬಿಎಸ್‌ಗೆ 50 ಸೀಟುಗಳ ಅನುಮತಿ ಬಂದದ್ದು 2025ರಲ್ಲಿ. ಇದೇ ಜಿಲ್ಲೆಯ ತೆಕ್ಕಿಲ್‌ನಲ್ಲಿ ಟಾಟಾ ಸಮೂಹ ಸಿದ್ಧ ಘಟಕಗಳನ್ನು ಜೋಡಿಸಿ ಕೋವಿಡ್ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ಒಂದು ಕಡೆ ತಿಂಗಳುಗಳು, ಇನ್ನೊಂದು ಕಡೆ ವರ್ಷಗಳು ಎಂದು ಹೋಲಿಸಿ ಸುಮ್ಮನಾದರೆ ಅದು ಭಾಷಣ. ತೆಕ್ಕಿಲ್‌ನಲ್ಲಿ ಹಣ, ವಿನ್ಯಾಸ, ನಿರ್ಮಾಣ ಒಂದೇ ಕೈಯಲ್ಲಿದ್ದವು, ಉದ್ದೇಶವೂ ಒಂದೇ. ಸಾಂಕ್ರಾಮಿಕ ಇಳಿದ ಮೇಲೆ ಆ ಕಟ್ಟಡದ ಗತಿಯೇನೆಂಬ ಪ್ರಶ್ನೆಗೆ ಮೊದಲೇ ಉತ್ತರ ಇರಲಿಲ್ಲ. ವೈದ್ಯಕೀಯ ಕಾಲೇಜಿಗೆ ಕಟ್ಟಡದ ಜತೆ ನೀರು, ರಸ್ತೆ, ಹುದ್ದೆ ಮಂಜೂರಾತಿ, ವೈದ್ಯಕೀಯ ಆಯೋಗದ ಪರಿಶೀಲನೆ ಎಲ್ಲವೂ ಕೂಡಿಬರಬೇಕು. ಎರಡನ್ನೂ ಜತೆಗಿಟ್ಟು ನೋಡಿದವರಿಗೆ ವೇಗ, ಬಾಳಿಕೆಗಳ ಲೆಕ್ಕ ಬೇರೆಬೇರೆ ಎಂಬುದು ತಿಳಿಯುತ್ತದೆ.

ಬಾವಿಕ್ಕೆರೆಯ ತಡೆಗೋಡೆ ಇನ್ನೊಂದು ಪಾಠ. ಬೇಸಿಗೆಯಲ್ಲಿ ಪಯಸ್ವಿನಿ ನದಿ ಸೊರಗಿದಾಗ ಉಪ್ಪುನೀರು ಮೇಲೇರಿ ಕಾಸರಗೋಡು ಪಟ್ಟಣದ ನಳ್ಳಿಗಳಿಗೆ ಬರುತ್ತಿತ್ತು. ಅದನ್ನು ತಡೆಯಬೇಕಿದ್ದ ಈ ಶಾಶ್ವತ ತಡೆಗೋಡೆ (ರೆಗ್ಯುಲೇಟರ್) ದಶಕಗಳ ಕಾಲ ಎಳೆದು 2021ರಲ್ಲಿ ಪೂರ್ಣಗೊಂಡಿತು. ಅಲ್ಲಿಯವರೆಗೆ ಪ್ರತಿ ವರ್ಷ ಮರಳುಚೀಲದ ಒಡ್ಡು ಕಟ್ಟಿದ್ದು, ಮಳೆಗೆ ಅದು ಕೊಚ್ಚಿಹೋದದ್ದು, ಜನ ಉಪ್ಪುನೀರು ಕುಡಿದದ್ದು ಯಾವ ಯೋಜನಾ ವರದಿಯ ವೆಚ್ಚದ ಕಾಲಂನಲ್ಲೂ ಕಾಣುವುದಿಲ್ಲ. ವಿಳಂಬದ ಬೆಲೆ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ವಿದೇಶಿ ಪುಸ್ತಕದಲ್ಲಿ ಹುಡುಕಬೇಕಿಲ್ಲ.

ಭಾಷೆಯ ವಿಷಯವೂ ಇದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಾಠ ಇಂಗ್ಲಿಷಿನಲ್ಲಿ, ಕಚೇರಿಯ ಕಡತ ಮಲಯಾಳದಲ್ಲಿ, ಗ್ರಾಮಸಭೆಯ ಮಾತು ತುಳು, ಕನ್ನಡ, ಮಲಯಾಳಗಳಲ್ಲಿ. ಭೂಸ್ವಾಧೀನದ ನೋಟಿಸು ಓದಲಾಗದ ಕೃಷಿಕ ತಕರಾರು ಹೂಡಿದರೆ ಕೆಲಸ ನಿಲ್ಲುತ್ತದೆ. ತಿಳಿಯುವ ಭಾಷೆಯಲ್ಲಿ ತಿಳಿಸುವುದು ಸೌಜನ್ಯ ಮಾತ್ರವಲ್ಲ, ವೇಳಾಪಟ್ಟಿಯ ಭಾಗ. ಈ ಜಿಲ್ಲೆಯ ಬಹುಭಾಷಿಕ ಪದವೀಧರರಿಗೆ ಇಲ್ಲಿ ಹೊರಗಿನವರಿಗಿಲ್ಲದ ಅನುಕೂಲವಿದೆ.

ಮಾನ್ಯತೆಯ ಬಗ್ಗೆ ಎಚ್ಚರ ಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿಯಂತೆ ಅನುಮತಿ ಪಡೆದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ. 2022ರಲ್ಲಿ ಆಯೋಗ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಅನುಮತಿ ಮಾತ್ರ ವಿಶ್ವವಿದ್ಯಾಲಯಕ್ಕೂ ಕೋರ್ಸಿಗೂ ಪ್ರತ್ಯೇಕ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 2015ರಲ್ಲಿ ಮಾನ್ಯತೆಯ ವಿವಾದಕ್ಕೆ ಸಿಲುಕಿ 2018ರಲ್ಲಿ ಹೊರಬರುವವರೆಗೆ, ಅಲ್ಲಿ ಮೊದಲೇ ಸೇರಿದ್ದ ವಿದ್ಯಾರ್ಥಿಗಳು ಪಟ್ಟ ಪಾಡು ಗಡಿನಾಡಿಗೂ ಗೊತ್ತು. ಕಂಪನಿಗಳ ಸರ್ಟಿಫಿಕೇಟು, ಡಿಪ್ಲೊಮಾಗಳಿಗೆ ಉದ್ಯೋಗ ಮಾರುಕಟ್ಟೆಯಲ್ಲಿ ಬೆಲೆಯಿರಬಹುದು, ಅವು ಪದವಿಯಲ್ಲ.

ಯುಜಿಸಿಯ ಅದೇ ನಿಯಮಾವಳಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಶೇ 30ರವರೆಗೆ ಅಂಕಗಳಿವೆ. ಈಗ ಆ ಅಂಕಗಳು ಬಹುಮಟ್ಟಿಗೆ ಕ್ವಿಜ್, ಅಸೈನ್‌ಮೆಂಟುಗಳ ಪಾಲು. ಅದರ ಬದಲು ವಿದ್ಯಾರ್ಥಿ ತನ್ನ ಊರಿನ ಒಂದು ಕಾಮಗಾರಿಯ ಆಡಳಿತಾತ್ಮಕ ಅನುಮತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಮೊದಲ ಬಿಲ್ಲುಗಳ ದಿನಾಂಕಗಳನ್ನು ಮಾಹಿತಿ ಹಕ್ಕಿನಡಿ ಪಡೆದು, ತಡ ಎಲ್ಲಿ ಹುಟ್ಟಿತೆಂದು ತೋರಿಸುವ ವರದಿ ಬರೆಯುವಂತೆ ವಿಶ್ವವಿದ್ಯಾಲಯಗಳು ಮಾಡಬಹುದು. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಅಧ್ಯಾಪಕರಾಗಲಿ ಬೇಕಿಲ್ಲ. ಜಿಲ್ಲೆಯ 38 ಗ್ರಾಮ ಪಂಚಾಯತುಗಳಲ್ಲಿ ಇಂಥ ಕಡತಗಳು ಬೇಕಾದಷ್ಟಿವೆ. ವರದಿಯ ಒಂದು ಪ್ರತಿ ಪಂಚಾಯತಿಗೂ ಸಿಗುವಂತಾದರೆ ಮುಂದಿನ ವರ್ಷದ ಟೆಂಡರನ್ನು ಯಾವ ತಿಂಗಳಲ್ಲಿ ಕರೆಯಬೇಕೆಂಬುದಕ್ಕೆ ಅಲ್ಲಿನ ಸದಸ್ಯರ ಕೈಯಲ್ಲಿ ಆಧಾರವಿರುತ್ತದೆ.